ಹತ್ತು ನಿಮಿಷದ ಬುಡೇನ್ ಸಾಬರು

ಗುಬ್ಬಿಯಲ್ಲಿ ಹಾಸಿಗೆ ಹೊಲಿಸಬೇಕೆಂದರೆ ಯಾವ ಪಿಂಜಾರನಾದರೂ ಆದೀತು. ಆದರೆ ಸತ್ತವರ ಹೆಸರಿನಲ್ಲಿ ಖುರಾನ್ ಖತಂ ಮಾಡಿಸಬೇಕೆಂದರೆ ಬುಡೇನ್ ಸಾಬರೇ ಬರಬೇಕು. ಎಪ್ಪತ್ತರ ದಶಕದಲ್ಲಿ ಕುಣಿಗಲ್‌ನಿಂದ ಕೂಡ ಅವರಿಗೆ ಕರೆ ಬರುತ್ತಿತ್ತು. ಖತಂ ಎಂದರೆ ಗ್ರಂಥದ ಮೂವತ್ತು ಸಿಪಾರಗಳನ್ನು, ಅಂದರೆ ಮೂವತ್ತು ಭಾಗಗಳನ್ನು, ಬಂದವರಿಗೆ ಹಂಚಿ ಕೂತಲ್ಲೇ ಓದಿ ಮುಗಿಸುವುದು. ಓದು ಬಲ್ಲವನಿಗೆ ಒಂದು ಸಿಪಾರಕ್ಕೆ ಅರ್ಧ ಗಂಟೆಯಾದರೂ ಬೇಕು. ಬುಡೇನ್ ಸಾಬರಿಗೆ ಹತ್ತೇ ನಿಮಿಷ. ಉಳಿದವರು ಕನ್ನಡಕ ಒರೆಸಿಕೊಂಡು ಎರಡು ಪುಟ ತಿರುವುವಷ್ಟರಲ್ಲಿ ಇವರು ಒಂದನ್ನು ಮುಗಿಸಿ ಇನ್ನೊಂದಕ್ಕೆ ಕೈ ಚಾಚುತ್ತಿದ್ದರು. ಜನ ಹೊಗಳಿದ್ದೇ ಹೊಗಳಿದ್ದು. ಭಕ್ತಿಗೆ ಹೊಗಳಿದರು ಅಂದುಕೊಳ್ಳಬೇಡಿ. ಬುಡೇನ್ ಸಾಬರು ಬಂದರೆ ಬಿರಿಯಾನಿ ಬಿಸಿಯಿರುವಾಗಲೇ ತಟ್ಟೆಗೆ ಬೀಳುತ್ತಿತ್ತು, ಅದಕ್ಕೆ.

ಇನ್ನು ನಿಜವನ್ನೂ ಹೇಳಿಬಿಡೋಣ, ಬಚ್ಚಿಟ್ಟು ಆಗಬೇಕಾದ್ದೇನಿದೆ? ಬುಡೇನ್ ಸಾಬರಿಗೆ ಓದು ಬರುತ್ತಿರಲಿಲ್ಲ. ಎಂಟನೇ ವಯಸ್ಸಿಗೇ ಅಪ್ಪ ಮದರಸ ಬಿಡಿಸಿ ಕೈಗೆ ಹತ್ತಿ ಹಿಂಜುವ ಬಿಲ್ಲು ಕೊಟ್ಟಿದ್ದ. ಬಿಡಿ ಅಕ್ಷರಗಳ ಮುಖಪರಿಚಯವಿತ್ತು, ಅವು ಕೈ ಕೈ ಹಿಡಿದು ನಿಂತರೆ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಆದ್ದರಿಂದ ಸಾಬರು ಮೈ ತೂಗುತ್ತಾ, ತುಟಿ ಅಲ್ಲಾಡಿಸುತ್ತಾ, ಮನಸ್ಸಿನಲ್ಲಿ ಮೂವತ್ತು ಎಣಿಸಿ ಹಾಳೆ ತಿರುವುತ್ತಿದ್ದರು. ಇಪ್ಪತ್ತು ಹಾಳೆಗೆ ಹತ್ತು ನಿಮಿಷ, ಲೆಕ್ಕ ಪಕ್ಕಾ. ಮೂಗಿನಲ್ಲಿ ಒಂದು ಗುಂಯ್ ಅನ್ನುವ ಸದ್ದು ಬೇರೆ. ಇಪ್ಪತ್ತೆರಡು ವರ್ಷ ಆ ಸದ್ದು ಎಷ್ಟೋ ಸತ್ತವರ ತಲೆ ಮೇಲೆ ಪುಣ್ಯವೆಂದು ಸುರಿದಿತ್ತು. ಸತ್ತವರು ಎದ್ದು ಬಂದು ಕೇಳುವುದಿಲ್ಲವಲ್ಲ, ಅದೊಂದು ಅನುಕೂಲ.

ಹೆಂಡತಿ ಹುಸೇನಮ್ಮ ಕೊತ್ತಗೆರೆಯವಳು. ಅವಳಪ್ಪ ಅಲ್ಲಿನ ಮಸೀದಿಯಲ್ಲಿ ಬಾಂಗು ಕೂಗುತ್ತಿದ್ದ ಬಡ ಮುಲ್ಲಾ. ಮಗಳಿಗೆ ಕೊಡಲು ಬೇರೇನೂ ಇಲ್ಲದೆ ಓದು ಕಲಿಸಿ ಕಳಿಸಿದ್ದ. ಅವಳು ದಿನಾ ಬೆಳಗಿನ ನಮಾಜು ಮುಗಿಸಿ, ಒಲೆ ಹಚ್ಚುವ ಮುಂಚೆ, ಎರಡು ಪುಟ ಓದುವಳು. ತಿಂಗಳಾನುಗಟ್ಟಲೆ ಓದಿ ಒಂದು ಖತಂ ಮುಗಿದರೆ ಯಾರಿಗೂ ಹೇಳದೆ ಮತ್ತೆ ಮೊದಲಿಂದ ಶುರು ಮಾಡುವಳು. "ನಿನ್ನದು ಎತ್ತಿನ ಗಾಡಿ ಕಣೇ" ಎಂದು ಸಾಬರು ನಗುತ್ತಿದ್ದರು. ನಗಲಿ ಬಿಡಿ, ನಗುವವರಿಗೆ ಬಾಯಿಗೇನು ಬೀಗವೇ?

ಎಪ್ಪತ್ತೆಂಟರಲ್ಲಿ ಸಕ್ಕರೆ ಕಾಯಿಲೆ ಅವಳ ಕಣ್ಣನ್ನು ತಿಂದುಹಾಕಿತು. ತುಮಕೂರಿನ ಡಾಕ್ಟರು ಇನ್ನು ದೃಷ್ಟಿ ಬರುವುದಿಲ್ಲ ಅಂದರು. ಹುಸೇನಮ್ಮ ಕಣ್ಣಿಗಾಗಿ ಅಳಲಿಲ್ಲ. ಬೆಳಗಿನ ಓದು ನಿಂತಿತಲ್ಲ ಎಂದು ಅತ್ತಳು. ವಾರ ಕಳೆದ ಮೇಲೆ ಅವಳಿಗೆ ಒಂದು ಉಪಾಯ ಹೊಳೆಯಿತು.

"ಏನ್ರೀ, ಊರೋರಿಗೆಲ್ಲ ಓದ್ತೀರಿ. ದಿನಾ ಬೆಳಿಗ್ಗೆ ನಂಗೂ ಹತ್ತು ನಿಮಿಷ ಓದಿ. ನಿಮ್ ಸ್ಪೀಡಿಗೆ ದಿನಕ್ಕೊಂದು ಸಿಪಾರ ಆಗೋಯ್ತದೆ."

ಸಿಕ್ಕಿಬಿದ್ದರಲ್ಲ ಸಾಬರು! ಒಂದು ದಿನ ಗಂಟಲು ನೋವು, ಒಂದು ದಿನ ಮದುವೆ ಹಾಸಿಗೆಯ ಅರ್ಜೆಂಟು, ಕಳ್ಳನಿಗೊಂದು ಪಿಳ್ಳೆನೆವ. ಎಷ್ಟು ದಿನ ನಡೆದೀತು? ಕೊನೆಗೆ ಒಂದು ಬೆಳಿಗ್ಗೆ, ಇವತ್ತು ಯಾಸೀನ್ ಅಧ್ಯಾಯ ಎಂದು ಹೇಳಿ ಖುರಾನ್ ತೆರೆದು ಕೂತು, ಮೈ ತೂಗುತ್ತಾ ತಮ್ಮ ಹಳೆಯ ಗುಂಯ್ ಶುರು ಮಾಡಿದರು. ಹುಸೇನಮ್ಮ ತಲೆಯ ಮೇಲೆ ಸೆರಗು ಹೊದ್ದು ಕೇಳಿದಳು. ಐದು ನಿಮಿಷ ಕೇಳಿದಳು.

"ಯಾಸೀನು ನಂಗೆ ಬಾಯಿಪಾಠ ಐತೆ ಕಣ್ರೀ" ಅಂದಳು. "ಇದು ಅದಲ್ಲ. ಇದು ಯಾವ್ದೂ ಅಲ್ಲ."

ಸಾಬರು ಗ್ರಂಥ ಮುಚ್ಚಿದರು.

"ಎಷ್ಟ್ ವರ್ಷದಿಂದ ಇಂಗೆ?"

"ಮೊದ್ಲಿಂದ್ಲೂ."

"ನಮ್ಮಪ್ಪ ಸತ್ತಾಗ ನಾಕು ಸಿಪಾರ ಓದ್ದೆ ಅಂದ್ರಲ್ಲ. ಅದೂ ಇಂಗೇನಾ?"

ಸಾಬರು ಎದ್ದು ಹೋಗಿ ಬಿಲ್ಲು ಕೈಗೆತ್ತಿಕೊಂಡರು. ಹುಸೇನಮ್ಮ ಮೂರು ದಿನ ಗಂಡನ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ ಮಾತಾಡಿದಾಗ ಬೈಯಲಿಲ್ಲ, ಬೈದಿದ್ದರೆ ಸಾಬರಿಗೆ ಎಷ್ಟೋ ಹಗುರವಾಗುತ್ತಿತ್ತು. "ನಾನು ಹೋಗೋದ್ರೊಳಗೆ ಒಂದೇ ಒಂದು ಖತಂ ನಿಮ್ಮ ಬಾಯಿಂದ ಕೇಳ್ಬೇಕು. ಒಂದಕ್ಷರ ಬುಡದಂಗೆ. ಇನ್ನೇನೂ ಬ್ಯಾಡ ನಂಗೆ" ಅಂದಳು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತಾರೆ. ಐವತ್ತಾರರ ಮರ ವಾರಕ್ಕೆರಡು ಸಲ ತುಮಕೂರಿನ ಬಸ್ಸು ಹತ್ತಿತು. ಗುಬ್ಬಿಯಲ್ಲಿ ಕಲಿಯುವಂತಿರಲಿಲ್ಲ, ಇಪ್ಪತ್ತೆರಡು ವರ್ಷದ ಮರ್ಯಾದೆ ನೋಡಿ! ತುಮಕೂರಿನ ಒಂದು ಸಣ್ಣ ಮಸೀದಿಯಲ್ಲಿ, ಮೂಗು ಸೋರುವ ಮಕ್ಕಳ ಸಾಲಿನ ಕೊನೆಗೆ ಕೂತು, ಪಾಠ ಹೇಳುವ, ಮಗನ ವಯಸ್ಸಿನ ಹಜರತ್ತರ ಮುಂದೆ ಮೊದಲ ಅಕ್ಷರದಿಂದ ಶುರು ಮಾಡಿದರು. ಮಕ್ಕಳು ಕಿಸಿಕಿಸಿ ನಕ್ಕವು. ಊರಲ್ಲಿ ಅರಳೆ ತರಲು ಹೋಗುತ್ತೇನೆಂದು ಹೇಳಿದ್ದರು.

"ಏನ್ ಸಾಬ್ರೇ, ವಾರಕ್ಕೆರಡ್ ಸಲ ಓಗ್ತೀರಿ, ಒಂದ್ ಹಿಡಿ ಅರಳೆನೂ ಬರ್ಲಿಲ್ವಲ್ಲ?" ಎಂದು ಪಕ್ಕದ ಮನೆ ಶಿವರುದ್ರಮ್ಮ ಕೇಳಿದರು.

"ರೇಟು ಜಾಸ್ತಿ ಕಣಮ್ಮ" ಅಂದರು ಸಾಬರು. ಸುಳ್ಳಿನ ಅಭ್ಯಾಸ ಅಷ್ಟು ಬೇಗ ಬಿಡುತ್ತದೆಯೇ?

ಎರಡು ವರ್ಷ ಹಿಡಿಯಿತು. ಆಮೇಲೆ ದಿನಾ ಬೆಳಿಗ್ಗೆ ಅರ್ಧ ಪುಟ, ಮೊದಲ ಸಿಪಾರದಿಂದ. ಇವರು ತಡವರಿಸುತ್ತಾ ಓದುವುದು, ಹುಸೇನಮ್ಮ ತಿದ್ದುವುದು. ನಲವತ್ತು ವರ್ಷ ಓದಿದ ಕಿವಿ ಅದು, ಒಂದು ಅಕ್ಷರ ಎಳೆಯಬೇಕಾದಲ್ಲಿ ಎಳೆಯದಿದ್ದರೆ "ಊಂ?" ಅನ್ನುತ್ತಿತ್ತು. ಹಜರತ್ತರು ಹೇಳಿಕೊಟ್ಟ ಅರ್ಥವನ್ನು ಸಾಬರು ಕನ್ನಡದಲ್ಲಿ ಹೇಳುವರು. ಅರ್ಥ ಇಬ್ಬರಿಗೂ ಹೊಸತು. ಅಷ್ಟು ವರ್ಷ ಓದಿದವಳಿಗೂ ಯಾರೂ ಹೇಳಿರಲಿಲ್ಲ. ಹದಿಮೂರನೇ ಸಿಪಾರದಲ್ಲಿ ಯಾಕೂಬ್ ಪೈಗಂಬರರು ಮಗ ಯೂಸುಫರಿಗಾಗಿ ಅತ್ತು ಅತ್ತು ಕಣ್ಣು ಕಳೆದುಕೊಂಡರು. ಮಗನ ಅಂಗಿ ತಂದು ಮುಖದ ಮೇಲೆ ಹಾಕಿದಾಗ ಕಣ್ಣು ಬಂತು. ಅದನ್ನು ಸಾಬರು ಎರಡು ಸಲ ಹೇಳಿದರು.

ಹುಸೇನಮ್ಮ ನಕ್ಕಳು. "ನಿಮ್ಮ ಅಂಗಿ ಹಾಕ್ಬುಟ್ಟೀರ, ಮಾರಾಯ್ರೇ. ಅರಳೆ ಧೂಳಿಗೆ ಸೀನು ಹಿಡ್ಕೊಂಡಾತು."

ಆ ದಿನ ಸಾಬರಿಗೆ ತಮ್ಮ ಹೆಂಡತಿಯ ಮೇಲೆ, ಆ ಗ್ರಂಥದ ಮೇಲೆ, ಎರಡರ ಮೇಲೂ ಒಟ್ಟಿಗೇ ಪ್ರೀತಿ ಉಕ್ಕಿತು. ನಲವತ್ತು ವರ್ಷ ಒಂದೇ ಸೂರಿನಡಿ ಇದ್ದೂ ಎರಡನ್ನೂ ತೆರೆದು ನೋಡಿರಲಿಲ್ಲವಲ್ಲ!

ಇತ್ತ ಊರಿನಲ್ಲಿ ಸಾಬರ ಮರ್ಯಾದೆ ಮೂರಾಬಟ್ಟೆಯಾಯಿತು. ಓದು ಬಂದ ಮೇಲೆ ಸುಳ್ಳು ಓದಲು ಮನಸ್ಸಾಗದೆ ಖತಂಗಳಲ್ಲಿ ನಿಜವಾಗಿ ಓದತೊಡಗಿದರು ನೋಡಿ, ಅಲ್ಲಿಗೆ ಕೆಟ್ಟರು. ಎಲ್ಲರೂ ಮುಗಿಸಿ ಕೈ ತೊಳೆಯಲು ಎದ್ದಾಗ ಇವರು ಎರಡನೇ ಪುಟದಲ್ಲಿ. "ಪಾಪ, ಎಂಗೆ ಓದ್ತಿದ್ದ ಮನ್ಸ! ಯಾರ್ದೋ ದೃಷ್ಟಿ ಬಿತ್ತು" ಎಂದು ಮಸೀದಿಯ ಆಡಳಿತ ನೋಡುವ ಮುತವಲ್ಲಿ ಖಲಂದರ್ ಸಾಬರು ಮರುಗಿ ತಾಯಿತ ಕಟ್ಟಿಸಲು ಹೇಳಿದರು. ಕರೆಯುವುದೂ ನಿಂತಿತು. ಸಾಬರ ಪಟ್ಟಕ್ಕೆ ಜಟಕಾ ಹೊಡೆಯುವ ದಸ್ತಗೀರ್ ಬಂದ. ಅವನದು ಎಂಟೇ ನಿಮಿಷ. ಮೋಸಕ್ಕೆ ಮಣೆ, ನಿಜಕ್ಕೆ ತಾಯಿತ, ಇದು ನಮ್ಮ ಜನ.

ಎಂಬತ್ತೆರಡರ ಮಳೆಗಾಲದಲ್ಲಿ, ಹತ್ತೊಂಬತ್ತನೇ ಸಿಪಾರ ಮುಗಿದ ಮಾರನೆಯ ದಿನ, ಹುಸೇನಮ್ಮ ಹಾಸಿಗೆಯಿಂದ ಏಳಲಿಲ್ಲ. ಸಾಬರು ಇಪ್ಪತ್ತನೆಯದನ್ನು ಕೈಯಲ್ಲಿ ಹಿಡಿದು ಎಬ್ಬಿಸಲು ಹೋಗಿದ್ದರು.

ಮೂರನೇ ದಿನದ ಕಾರ್ಯ ಜಿಯಾರತ್ತಿಗೆ ಮನೆ ತುಂಬ ಜನ. ಅಂಗಳದಲ್ಲಿ ಬಿರಿಯಾನಿಯ ಹಂಡೆ ಒಲೆಯಿಂದ ಇಳಿದಿತ್ತು. ಮುತವಲ್ಲಿಗಳು ಸಿಪಾರ ಹಂಚುತ್ತಾ ಬುಡೇನ್ ಸಾಬರಿಗೆ ಮೂವತ್ತನೆಯದನ್ನು ಕೊಟ್ಟರು. ಚಿಕ್ಕ ಚಿಕ್ಕ ಅಧ್ಯಾಯಗಳಿರುವುದು, ಪಾಪ, ಇವರಿಂದ ಅಷ್ಟೇ ಆದೀತು ಎಂಬ ಕರುಣೆ.

"ನಂಗೆ ಇಪ್ಪತ್ತರಿಂದ ಮೂವತ್ತರವರ್ಗೂ ಕೊಡಿ" ಅಂದರು ಸಾಬರು.

"ಹನ್ನೊಂದು ಸಿಪಾರನಾ? ಏನ್ ನಾಡಿದ್ದು ಊಟನಾ ಬುಡೇನು?"

"ಹತ್ತೊಂಬತ್ತು ಅವಳಿಗೆ ಕೇಳ್ಸಿದೀನಿ. ಮಿಕ್ಕಿದ್ದ ಯಾರೂ ಮುಟ್ಬೇಡಿ. ನೀವು ಉಣ್ಣಿ, ನಾನು ಓದ್ತೀನಿ."

ಸಾಬರು ಇಪ್ಪತ್ತನೆಯದನ್ನು ತೆರೆದು ಗಟ್ಟಿಯಾಗಿ ಓದತೊಡಗಿದರು. ಒಂದು ಸಾಲು, ಉಸಿರು, ಇನ್ನೊಂದು ಸಾಲು. ತಪ್ಪಿದಲ್ಲಿ ನಿಲ್ಲುವರು, "ಊಂ?" ಎನ್ನುವ ದನಿಗೆ ಕಾಯುವರು, ಅದು ಬಾರದೆ ತಾವೇ ಹಿಂದಕ್ಕೆ ಹೋಗಿ ತಿದ್ದಿಕೊಳ್ಳುವರು. ಉಳಿದವರ ಹತ್ತೊಂಬತ್ತು ಸಿಪಾರ ಮುಕ್ಕಾಲು ಗಂಟೆಯಲ್ಲಿ ಮುಗಿದು ಮೇಜಿನ ಮೇಲೆ ಕೂತವು. ಆದರೆ ಖುರಾನ್ ಗಟ್ಟಿಯಾಗಿ ಓದುತ್ತಿರುವಾಗ ಎದ್ದು ಬಿರಿಯಾನಿಗೆ ಕೈ ಹಾಕುವುದು ಹೇಗೆ? ಉಣ್ಣಿ ಎಂದಿದ್ದರೂ ಯಾರಿಗೂ ಧೈರ್ಯ ಬರಲಿಲ್ಲ. ಗಂಟೆ ಒಂದಾಯಿತು, ಎರಡಾಯಿತು. ಮುತವಲ್ಲಿಗಳು ನಾಲ್ಕು ಸಲ ಕೆಮ್ಮಿ, ಐದನೇ ಸಲ ಅಂಗಡಿಯ ನೆಪ ಹೇಳಿ ಎದ್ದರು. ಅವರ ಹಿಂದೆ ಹತ್ತಾರು ಜನ ಜಾರಿಕೊಂಡರು.

ಆಗ ಎಂಟು ನಿಮಿಷದ ದಸ್ತಗೀರ್ ಎದ್ದ. ಅವನೂ ಹೊರಟನೆಂದೇ ಎಲ್ಲರೂ ತಿಳಿದರು. ಅವನು ಮೇಜಿನ ಬಳಿ ಹೋಗಿ, ಮುಗಿದವುಗಳ ರಾಶಿಯಿಂದ ತನ್ನ ಸಿಪಾರವನ್ನು ಹುಡುಕಿ ತೆಗೆದುಕೊಂಡು, ಬುಡೇನ್ ಸಾಬರ ಪಕ್ಕ ಬಂದು ಕುಕ್ಕರುಬಡಿದ. ಮೊದಲ ಸಾಲಿನ ಕೆಳಗೆ ಬೆರಳಿಟ್ಟ.

"ಅಣ್ಣಾ, ಇದು ಎಂಗ್ ಓದೋದು? ನಂಗೆ ಬರಕಿಲ್ಲ."

ಮೂರು ದಿನದಿಂದ ಕಣ್ಣಲ್ಲಿ ಒಂದು ಹನಿಯೂ ಬಾರದಿದ್ದ ಬುಡೇನ್ ಸಾಬರು ಆಗ ಬಿಕ್ಕಿ ಬಿಕ್ಕಿ ಅತ್ತರು. ಅತ್ತು ಮುಗಿಸಿ, ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿಕೊಟ್ಟರು.