ಹನ್ನೊಂದು ಸಲ ತೆರೆದ ದಾಖಲೆ

ಯೂಸ್ನಾನ್ ನದಿದಂಡೆಯ ನಮ್ಮ ಆರೋಗ್ಯ ಕೇಂದ್ರದಲ್ಲಿ ಇಪ್ಪತ್ತಾರು ವರ್ಷದಿಂದ ಡಾಕ್ಟರಾಗಿ ದುಡಿಯುತ್ತಿರುವವಳು ನಾನು, ಗುನ್ವೋರ್. ಇನ್ನೊಬ್ಬ ಡಾಕ್ಟರು ಇಂಗಲಿಲ್ ಬಂದು ಮೂರೇ ವರ್ಷ. ಆದರೂ ಊರಿನವರ ಬಾಯಲ್ಲೆಲ್ಲ ಅವಳದೇ ಹೆಸರು. ನನಗೆ ಹೊಟ್ಟೆ ಉರಿಯುತ್ತಿತ್ತು, ಮುಚ್ಚಿಡುವುದೇನು ಬಂತು?

ರೋಗಿಗಳು ತಮ್ಮ ದಾಖಲೆಯನ್ನು ಮನೆಯಲ್ಲೇ ಕೂತು ಫೋನಿನಲ್ಲಿ ಓದಬಹುದು ಎಂದಾದಾಗ ಕಾಫಿ ಕೋಣೆಯಲ್ಲಿ ಮೊದಲು ಸಿಡುಕಿದವಳು ನಾನೇ.

"ಅನುಮಾನ ಅಂತ ಒಂದು ಪದ ಬರೆದ್ರೆ ಸಾಕು, ಫೋನ್ ಮೇಲೆ ಫೋನ್ ಬರತ್ತೆ. ಈಗ ತಲೆ ತಿನ್ನೋದು ಸಾಲ್ದಾ ಇವರು?"

ಎಲ್ಲರೂ ಹೌದೆಂದರು. ಇಂಗಲಿಲ್ ಮಾತ್ರ ದಾಲ್ಚಿನ್ನಿ ಬನ್ನು ಮುರಿಯುತ್ತಾ, "ಅವರ ಮೈ, ಅವರ ಕಥೆ. ಓದ್ಕೊಳ್ಲಿ ಬಿಡು," ಅಂದಳು. ದೊಡ್ಡ ಸಾಧ್ವಿ!

ಅಂದಿನಿಂದ ನಾನು ಎರಡೇ ಸಾಲು ಬರೆಯತೊಡಗಿದೆ, ಅದೂ ಯಾರಿಗೂ ಬಿಡಿಸಲಾಗದ ಸಂಕ್ಷೇಪಗಳಲ್ಲಿ. ಅವಳೋ ಪರದೆಯನ್ನು ರೋಗಿಯ ಕಡೆ ತಿರುಗಿಸಿ, "ಹೀಗ್ ಬರೀಲಾ? ಸರಿಯಾಯ್ತಾ?" ಎಂದು ಕೇಳಿ ಕೇಳಿ ಬರೆಯುವಳು. ಅದನ್ನು ಜನ ದಿನಸಿ ಅಂಗಡಿಯ ಸಾಲಿನಲ್ಲಿ ನಿಂತು ಒಬ್ಬರಿಗೊಬ್ಬರು ತೋರಿಸುತ್ತಿದ್ದರು.

ಗರಗಸದ ಮಿಲ್ಲಿನಲ್ಲಿ ಅಲಗು ಮಸೆಯುತ್ತಿದ್ದ ಟೋರ್ವಾಲ್ಡ್‌ನ ಎದೆಯ ತೊಂದರೆಯನ್ನು ಇಪ್ಪತ್ತೆರಡು ವರ್ಷ ನೋಡಿದವಳು ನಾನು. ಹೆಂಡತಿ ತೀರಿಕೊಂಡ ಚಳಿಗಾಲದಲ್ಲಿ ಅವನೂ ಇಂಗಲಿಲ್ ಕಡೆ ಹೋದ. ಆಗ ನನಗೆ ತಡೆಯಲಾಗಲಿಲ್ಲ. ಅಂಥದ್ದೇನು ಬರೆಯುತ್ತಾಳೆ ಇವಳು? ಅವನ ದಾಖಲೆ ತೆರೆದೆ. ನನ್ನ ರೋಗಿಯಲ್ಲದವನ ದಾಖಲೆ ತೆರೆಯುವುದು ಅಪರಾಧ, ಸಿಕ್ಕಿಬಿದ್ದರೆ ಕೆಲಸಕ್ಕೇ ಕುತ್ತು. ಗೊತ್ತಿದ್ದೂ ತೆರೆದೆ. "ರಾತ್ರಿ ನಿದ್ದೆ ಬರುತ್ತಿಲ್ಲ, ಬೆಳಿಗ್ಗೆ ಎರಡು ಲೋಟ ಕಾಫಿ ಬಗ್ಗಿಸಿ, ಒಂದನ್ನು ಚೆಲ್ಲುತ್ತೇನೆ ಎಂದು ಟೋರ್ವಾಲ್ಡ್ ಹೇಳುತ್ತಾರೆ," ಎಂದು ಬರೆದಿದ್ದಳು. ನನಗೆ ಅವನು ಇದನ್ನು ಹೇಳಿರಲಿಲ್ಲ. ಮೈ ಉರಿದುಹೋಯಿತು. ಮರುವಾರ ಮತ್ತೆ ತೆರೆದೆ.

ವಸಂತದಲ್ಲಿ ಒಂದು ಬೆಳಿಗ್ಗೆ ಟೋರ್ವಾಲ್ಡ್ ನನ್ನ ಕೋಣೆಗೇ ಬಂದು ಫೋನನ್ನು ಮೇಜಿನ ಮೇಲಿಟ್ಟ. ದಾಖಲೆಯನ್ನು ಯಾರು ಯಾವಾಗ ತೆರೆದರು ಎಂಬ ಪಟ್ಟಿ ಅದರಲ್ಲಿತ್ತು. ರೋಗಿಗಳು ಏನೇನು ಓದಿಬಿಡುತ್ತಾರೋ ಎಂದು ಮೂರು ವರ್ಷ ಜಗಳವಾಡಿದವಳಿಗೆ, ಅವರು ಈ ಪಟ್ಟಿಯನ್ನೂ ಓದುತ್ತಾರೆಂದು ಹೊಳೆದೇ ಇರಲಿಲ್ಲ.

"ಹನ್ನೊಂದು ಸಲ, ಗುನ್ವೋರ್," ಅಂದ.

ನಾನು ಕೇಳಿದೆ, "ದೂರು ಕೊಡ್ತೀಯಾ?"

"ದೂರಾ?" ಅವನು ನಕ್ಕ. "ನಾನೇ ಬಿಟ್ಟುಹೋದೆ, ಆದ್ರೂ ಹೇಗಿದ್ದೀನೋ ಅಂತ ವಾರ ವಾರ ನೋಡ್ತಿದ್ದೀಯಲ್ಲ. ಸೋಮವಾರ ಬಂದ್ರೆ ನಿನ್ನ ಹೆಸರು ಇದೆಯಾ ಅಂತ ನೋಡೋದೇ ಅಭ್ಯಾಸ ಆಗ್ಬಿಟ್ಟಿದೆ. ಥ್ಯಾಂಕ್ಸ್ ಹೇಳೋಣ ಅಂತ ಬಂದೆ."

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆ ಸುಳ್ಳಿಗೆ ಮನಸ್ಸು ಒಪ್ಪಲಿಲ್ಲ.

"ಅವಳು ಏನ್ ಬರೀತಾಳೆ ಅಂತ ನೋಡಕ್ಕೆ ತೆಗೀತಿದ್ದೆ, ಟೋರ್ವಾಲ್ಡ್. ಹೊಟ್ಟೆಕಿಚ್ಚಿಗೆ."

ಅವನು ಫೋನನ್ನು ಜೇಬಿಗಿಟ್ಟುಕೊಂಡ.

"ಓ. ನನ್ನನ್ನ ನೋಡಕ್ಕಲ್ಲ."

ಟೋಪಿ ತೆಗೆದುಕೊಂಡು ಎದ್ದ. ದೂರು ಕೊಡುವುದಿಲ್ಲವೆಂದೂ, ಹಾಗೆ ಕೊಡುವಷ್ಟು ದೊಡ್ಡ ವಿಷಯ ತಾನೇನಲ್ಲವೆಂದೂ ಹೇಳಿ ಬಾಗಿಲೆಳೆದುಕೊಂಡು ಹೋದ. ಹನ್ನೊಂದು ಸಲ ಓದಿದ್ದೆ. ಅವನಿಗೆ ಈಗ ನಿದ್ದೆ ಬರುತ್ತಿದೆಯೇ ಇಲ್ಲವೇ ಎಂಬುದು ನನಗೆ ನೆನಪಿರಲಿಲ್ಲ.