ಕಾವೇರಿಯಲ್ಲಿ ಹೋದ ಎಲೆಯಡಿಕೆ ಚೀಲ

ನನಗೆ ನಿದ್ದೆ ಕೊಟ್ಟದ್ದು ಮಾತ್ರೆಯಲ್ಲ, ತಾಯಿತವಲ್ಲ, ಗಸಗಸೆ ಪಾಯಸವೂ ಅಲ್ಲ. ಚುಂಚನಕಟ್ಟೆಯ ರಾಮ ನನ್ನ ಎಲೆಯಡಿಕೆ ಚೀಲ ಕಿತ್ತುಕೊಂಡ, ನಿದ್ದೆ ಬಂತು. ನಡೆದದ್ದು ಇಷ್ಟೆ. ನನ್ನ ಹಾಗೆ ಸುಳ್ಳು ಹೇಳಿಕೊಂಡು ನರಳುವವರು ಇನ್ನೂ ಇರಬಹುದು, ಅವರಿಗಾಗಿ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸು ಓದಿದವಳು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮದು ಹಾರನಹಳ್ಳಿ ಪಕ್ಕದ ಊರು. ಹೋದ ವರ್ಷ ಯುಗಾದಿ ಹೊತ್ತಿಗೆ ನನ್ನ ಎಡಗಣ್ಣು ಪೊರೆ ಬಂದು ಪೂರ್ತಿ ಮುಚ್ಚಿತ್ತು. ಬಲಗಣ್ಣೂ ಮಂಜಾಗುತ್ತಿತ್ತು. ಅಕ್ಕಿಯಲ್ಲಿ ಕಲ್ಲು ಕಾಣದು, ಎದುರಿಗೆ ಬಂದವರು ಮಾತಾಡಿದರೆ ಮಾತ್ರ ಯಾರೆಂದು ಗೊತ್ತು. ಆಪರೇಷನ್ ಮಾಡಿಸಲು ಮಗ ಮೈಸೂರಿನ ಕಣ್ಣಾಸ್ಪತ್ರೆಗೆ ಎರಡು ಸಲ ಕರೆದುಕೊಂಡು ಹೋದ. ಎರಡು ಸಲವೂ ಹಸಿರು ಬಟ್ಟೆ ಹಾಕಿಸಿ ಕೂರಿಸಿದರು, ತೋಳಿಗೆ ಪಟ್ಟಿ ಕಟ್ಟಿ ನೋಡಿದರು, ಬಿ.ಪಿ. ಜಾಸ್ತಿ ಇದೆ, ಇಳಿದ ಮೇಲೆ ಬನ್ನಿ ಎಂದು ವಾಪಸ್ ಕಳಿಸಿದರು. ಮಾತ್ರೆ ನುಂಗುತ್ತಲೇ ಇದ್ದೆ. ಅದು ಇಳಿಯಲಿಲ್ಲ.

ಎಲ್ಲಿಂದ ಇಳಿದೀತು? ನೆಟ್ಟಗೆ ನಿದ್ದೆ ಮಾಡಿ ಎರಡು ವರ್ಷವಾಗಿತ್ತು. ಕಣ್ಣು ಮುಚ್ಚಿದ ಒಂದು ಗಂಟೆಗೆ ಎಚ್ಚರ, ಆಮೇಲೆ ಕೋಳಿ ಕೂಗುವವರೆಗೂ ಹೊರಳಾಟ. ಬೆಳಗಾದರೆ ತಲೆ ಕಾದ ಹಂಡೆ. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದೆ. ಸೊಸೆ ಸವಿತ ಲೋಟ ಇಟ್ಟ ಸದ್ದಿಗೂ ರೇಗುತ್ತಿದ್ದೆ. ಯಾರೋ ತಂದುಕೊಟ್ಟ ನಿದ್ದೆ ಮಾತ್ರೆ ನುಂಗಿ ಬೆಳಗ್ಗೆ ಕೊಟ್ಟಿಗೆಯಲ್ಲಿ ಬಿದ್ದೆ, ಮೊಣಕೈ ಒಡೆಯಿತು. ಅದನ್ನು ಅಲ್ಲಿಗೇ ಬಿಟ್ಟೆ.

ಹೋಬಳಿ ಆಸ್ಪತ್ರೆಯ ಸಿಸ್ಟರ್ ಒಳ್ಳೆಯ ಹೆಂಗಸು. ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ಕೇಳಿದರು. ಸಂಜೆ ಮೇಲೆ ಕಾಫಿ ಕುಡಿಯುತ್ತೀರಾ, ಹಗಲು ಮಲಗುತ್ತೀರಾ, ಗೊರಕೆ ಉಂಟಾ, ಮನಸ್ಸಿಗೆ ಚಿಂತೆ ಏನಾದರೂ ಇದೆಯಾ. ನಿದ್ದೆ ಕೆಟ್ಟರೆ ಬಿ.ಪಿ.ಯೂ ಸಕ್ಕರೆಯೂ ಹೇಳಿದ ಮಾತು ಕೇಳುವುದಿಲ್ಲ ಎಂದರು. ಎಲ್ಲಕ್ಕೂ ನಿಜ ಹೇಳಿದೆ. ಹೊಗೆಸೊಪ್ಪು ಹಾಕುತ್ತೀರಾ ಎಂದಾಗ ಮಾತ್ರ, ಊಟವಾದ ಮೇಲೆ ಯಾವಾಗಲೋ ಒಂದು ಸಲ ಎಂದೆ. ಅವರು ನನ್ನ ಹಲ್ಲು ನೋಡಿದರು, ಹೇಳಿದಷ್ಟನ್ನೇ ಬರೆದುಕೊಂಡರು.

ಆ ಮಾತು ಸುಳ್ಳು. ಮೂವತ್ತು ವರ್ಷದಿಂದ ನಾನು ಬೆರಳುದ್ದ ಹೊಗೆಸೊಪ್ಪನ್ನು ದವಡೆಗೆ ಒತ್ತಿಕೊಂಡೇ ಮಲಗುತ್ತಿದ್ದವಳು. ಅದಿಲ್ಲದೆ ನಿದ್ದೆ ಹತ್ತದು ಎಂಬ ನಂಬಿಕೆ. ಈ ಎರಡು ವರ್ಷ ಎಚ್ಚರವಾದಾಗಲೆಲ್ಲ ಇನ್ನೊಂದು ಚೂರು ಇಟ್ಟುಕೊಳ್ಳುತ್ತಿದ್ದೆ.

ಪಕ್ಕದ ಮನೆಯಲ್ಲೇ ನನ್ನ ವಾರಗಿತ್ತಿ ನಿಂಗಮ್ಮ ಇದ್ದಾಳೆ, ನನ್ನ ಮೈದುನನ ಹೆಂಡತಿ. ಚುಂಚನಕಟ್ಟೆಗೆ ಹೋಗಿ ಕಾವೇರಿಯಲ್ಲಿ ಮಿಂದು, ರಾಮನ ಮುಂದೆ ಇಷ್ಟವಾದದ್ದೊಂದನ್ನು ಬಿಟ್ಟು ಬಾ ಎಂದಳು. ಏನು ಬಿಡುವುದೆಂದು ಯೋಚಿಸಿದೆ. ಹಲಸಿನಹಣ್ಣು ಬಿಡೋಣವೆಂದುಕೊಂಡೆ. ಹೇಗೂ ತಿಂದರೆ ನನಗೆ ಹೊಟ್ಟೆ ಉಬ್ಬರ.

ಕಾರ್ತಿಕದ ಸೋಮವಾರ ಇಬ್ಬರೂ ಹೊರಟೆವು. ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಲ್ಲ ಕಡೆ ಬಸ್ಸು ಬದಲಾಯಿಸಿ, ಆಧಾರ್ ಕಾರ್ಡು ತೋರಿಸಿ ತೋರಿಸಿ ಮಧ್ಯಾಹ್ನಕ್ಕೆ ತಲುಪಿದೆವು. ಮೆಟ್ಟಿಲ ಮೇಲೆ ಕೂತು ಚೊಂಬಿನಲ್ಲಿ ಹುಯ್ದುಕೊ ಎಂದಳು ನಿಂಗಮ್ಮ. ನಾನು ಕೇಳದೆ ಎರಡು ಮೆಟ್ಟಿಲು ಇಳಿದು ಮುಳುಗಿದೆ. ಎದ್ದಾಗ ಸೊಂಟ ಹಗುರವಾಗಿತ್ತು. ಸಿಕ್ಕಿಸಿಕೊಂಡಿದ್ದ ಎಲೆಯಡಿಕೆ ಚೀಲ ಇಲ್ಲ, ಅದರೊಳಗಿನ ಹೊಗೆಸೊಪ್ಪೂ ಇಲ್ಲ. ತಡಕಿದೆ, ಬೈದೆ. ನಿಂಗಮ್ಮ ನಗುತ್ತಿದ್ದಳು.

"ಒಯ್ತು ಬುಡಕ್ಕ. ನೀನು ಅಲಸಿನಣ್ಣು ಕೊಡಾಕೆ ಬಂದೆ, ಅವ್ನು ಬ್ಯಾಕಾದ್ದ ತಕ್ಕಂಡ" ಎಂದಳು.

ಅಲ್ಲಿಗೆ ಹೋದವರಿಗೆ ಗೊತ್ತು, ಹೊರಗೆ ಕಾವೇರಿ ಧುಮುಕುವ ಸದ್ದಿಗೆ ಪಕ್ಕದವರ ಮಾತು ಕೇಳಿಸದು, ಗರ್ಭಗುಡಿಯ ಹತ್ತಿರ ಹೋದರೆ ಆ ಸದ್ದೇ ಇಲ್ಲ. ಅಲ್ಲಿ ನಿಂತಾಗ ಹಲಸಿನಹಣ್ಣು ಎನ್ನಲು ನನಗೆ ಬಾಯಿ ಬರಲಿಲ್ಲ. ಆ ಹೊಗೆಸೊಪ್ಪನ್ನು ನೀನೇ ಇಟ್ಟುಕೊ, ನಿದ್ದೆ ಕೊಡು, ಕಣ್ಣು ಕೊಡು ಎಂದೆ. ಬೇರೇನೂ ಕೇಳಲಿಲ್ಲ.

ಕೆ.ಆರ್. ನಗರದ ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಬಾಯಿ ಒಣಗಿತ್ತು. ಹೊಗೆಸೊಪ್ಪು ಮಾರುವ ಅಂಗಡಿಯವನ ಮುಂದೆ ಹೋಗಿ ನಿಂತೇಬಿಟ್ಟೆ. ಹಿಂದಿನಿಂದ ನಿಂಗಮ್ಮ, "ಕೊಟ್ಟಿದ್ದ ವಾಪಸ್ ಕೇಳೀಯಾ ಅಕ್ಕಾ?" ಎಂದಳು. ಬಸ್ಸು ಹತ್ತಿದೆ.

ಮೊದಲ ವಾರ ಇದ್ದಬದ್ದ ನಿದ್ದೆಯೂ ಹೋಯಿತು. ತಲೆ ಸಿಡಿತ, ಕೆಟ್ಟ ಕೋಪ. ರಾಮನನ್ನೂ ಬೈದೆ. ಜೀರಿಗೆ, ಲವಂಗ, ಹುರಿಗಡಲೆ ಅಗಿದು ಅಗಿದು ದವಡೆ ನೋಯಿತು. ಹತ್ತನೆಯದೋ ಹನ್ನೊಂದನೆಯದೋ ದಿನ ಕಣ್ಣು ಬಿಟ್ಟಾಗ ಬಿಸಿಲು ಕಾಲ ಮೇಲೆ ಬಿದ್ದಿತ್ತು, ಹಾಲು ಕರೆದಾಗಿತ್ತು. ಸವಿತ ನನ್ನ ಮೂಗಿನ ಹತ್ತಿರ ಬೆರಳು ಹಿಡಿದು ಕೂತಿದ್ದಳು.

"ಸತ್ತೋದ್ರಿ ಅನ್ಕಂಡೆ ಅತ್ತೆ" ಎಂದಳು.

"ಇನ್ನೂ ಟೈಮದೆ, ಕಾಪಿ ತತ್ತಾ" ಎಂದೆ.

ಆಮೇಲೆ ದಿನವೂ ಅಲ್ಲದಿದ್ದರೂ ವಾರಕ್ಕೆ ನಾಲ್ಕೈದು ದಿನ ನಿದ್ದೆ ಬರತೊಡಗಿತು. ಹೋಬಳಿ ಆಸ್ಪತ್ರೆಗೆ ಹೋಗಿ ಸಿಸ್ಟರ್‌ಗೆ ನಿಜ ಒಪ್ಪಿಸಿದೆ. ಹೊಗೆಸೊಪ್ಪು ಮಲಗಿಸೋದಿಲ್ಲ ಅಜ್ಜಿ, ಎಬ್ಬಿಸಿ ಕೂರಿಸುತ್ತೆ, ನಿಮ್ಮನ್ನು ನೀವೇ ಎಬ್ಬಿಸಿಕೊಳ್ತಿದ್ರಿ ಎಂದರು. ಬಿ.ಪಿ. ಮಾತ್ರೆ ಮಾತ್ರ ಬಿಡಬೇಡಿ ಎಂದರು. ಬಿಡಲಿಲ್ಲ. ಶಿವರಾತ್ರಿ ಕಳೆದ ಮೇಲೆ ಮೈಸೂರಿಗೆ ಮೂರನೇ ಸಲ ಹೋದಾಗ ತೋಳಿನ ಪಟ್ಟಿ ಬಿಚ್ಚಿದವರು ವಾಪಸ್ ಹೋಗಿ ಎನ್ನಲಿಲ್ಲ. ಒಳಗೆ ಕರೆದುಕೊಂಡು ಹೋದರು.

ಹಾಗಾದರೆ ನಿದ್ದೆ ಬಂದದ್ದು ಹೊಗೆಸೊಪ್ಪು ಬಿಟ್ಟಿದ್ದಕ್ಕೆ, ರಾಮ ಏನು ಮಾಡಿದ ಎಂದು ನನ್ನ ಮಗನೇ ಕೇಳಿದ. ಡಾಕ್ಟರು ಬಿಡು ಎಂದಿದ್ದರೆ ಹೂಂ ಎಂದು ಬಂದು ಹಾಕಿಕೊಳ್ಳುತ್ತಿದ್ದೆ. ನನ್ನ ಗಂಡ ಬದುಕಿರುವಾಗ ಹೇಳಿ ಸೋತ. ನಾನು ಯಾರ ಮಾತೂ ಕೇಳದವಳು. ಅಂಥವಳ ಸೊಂಟಕ್ಕೆ ಕೈ ಹಾಕಿ ಕಿತ್ತುಕೊಳ್ಳಲು ಅವನೇ ಬೇಕಾಯಿತು. ಅವನ ಋಣ ದೊಡ್ಡದು. ಮೊದಲು ಹಬ್ಬಕ್ಕೆ ಕೈ ಮುಗಿಯುತ್ತಿದ್ದೆ, ಈಗ ಎದ್ದ ಕೂಡಲೇ ಮುಗಿಯುತ್ತೇನೆ.

ಇನ್ನೊಂದು ಸುಳ್ಳು ಉಳಿದಿದೆ, ಅದನ್ನೂ ಹೇಳಿಬಿಡುತ್ತೇನೆ. ಇಷ್ಟು ದಿನವೂ ರಾಗಿ ಡ್ರಮ್ಮಿನ ಹಿಂದೆ ಒಂದು ಹಿಡಿ ಹೊಗೆಸೊಪ್ಪು ಬಚ್ಚಿಟ್ಟಿದ್ದೆ. ರಾಮ ಕೈಬಿಟ್ಟರೆ ಇರಲಿ ಅಂತ. ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಊರಿಗೆ ಬಂದ ಮಾರನೆಯ ಬೆಳಗ್ಗೆ ಅಲ್ಲಿ ಬಗ್ಗಿ ನೋಡಿದೆ. ಎಲೆಯ ನರ ನರವೂ ಕಂಡಿತು. ತೆಗೆದುಕೊಂಡು ಹೋಗಿ ಬಚ್ಚಲ ಒಲೆಗೆ ಹಾಕಿದೆ, ಹೊಗೆ ಕಣ್ಣಿಗೆ ತಾಗದ ಹಾಗೆ ಮುಖ ತಿರುಗಿಸಿ ನಿಂತೆ. ನೀರು ಕಾದ ಮೇಲೆ ಕುತ್ತಿಗೆಯಿಂದ ಕೆಳಕ್ಕೆ ಹುಯ್ದುಕೊಂಡೆ. ತಲೆಗೆ ಇನ್ನೂ ನೀರು ಹಾಕಬಾರದು ಎಂದಿದ್ದರು.