ಸಾಲಿನ ಮೇಲಿಟ್ಟ ಬೆರಳು

ನಮ್ಮ ಮೇಡಂ ಅವರ ಎಡಗೈ ತೋರುಬೆರಳಿನ ತುದಿ ಸದಾ ಕಪ್ಪಗಿರುತ್ತಿತ್ತು. ಸಾಫ್ಟ್‌ವೇರ್ ಕೈಪಿಡಿ ಬರೆಯುವ ನಮ್ಮ ವಿಭಾಗಕ್ಕೆ ಅವರು ಮುಖ್ಯಸ್ಥೆ. ನಾವು ಬರೆದ ಒಂದೊಂದು ಕಮಾಂಡನ್ನೂ ಪ್ರಿಂಟ್ ತೆಗೆಸಿ, ಸಾಲಿನ ಮೇಲೆ ಆ ಬೆರಳಿಟ್ಟು, ಬಲಗೈಯಲ್ಲಿ ಟೈಪ್ ಮಾಡಿ ನೋಡುತ್ತಿದ್ದರು. ಹಾಳೆಯಲ್ಲಿ ಇಲ್ಲದ್ದನ್ನು ತಲೆಯಿಂದ ಸೇರಿಸುವ ಹಾಗಿಲ್ಲ. ತಾಂಬರಂನ ರೈಲ್ವೆ ಕುಟುಂಬದವರು. ನನ್ನ ಮೈಸೂರು ಕನ್ನಡಕ್ಕೆ ಅವರ ಉತ್ತರ ಅರ್ಧ ತಮಿಳು.

"ಓದೋನಿಗೆ ನಿನ್ ತಲೇನೂ ಕಳಿಸ್ತೀಯಾಪ್ಪಾ? ಹಾಳೆ ಮಟ್ಟುಂ, ಹಾಳೆ ಮಾತ್ರ ತಾನೇ ಕೊಡೋದು?"

ಒಮ್ಮೆ ಅವರು ರಜದಲ್ಲಿದ್ದಾಗ, ಕಾಯಲಾರದೆ ಮ್ಯಾನೇಜರ್ ನನ್ನ ಅಧ್ಯಾಯವನ್ನು ಹಾಗೇ ಕಳಿಸಿಬಿಟ್ಟರು. ಅದರಲ್ಲಿ ಹಳೆಯ ಫೈಲುಗಳನ್ನು ಅಳಿಸುವ ಕಮಾಂಡ್ ಇತ್ತು. ಉದಾಹರಣೆಗೆಂದು ನಾನು ಹಾಕಿದ ಫೋಲ್ಡರಿನ ಹೆಸರು ‘ಡೇಟಾ’. ಇಲ್ಲಿ ನಿಮ್ಮ ಫೋಲ್ಡರಿನ ಹೆಸರು ಹಾಕಿ ಎಂದು ಬರೆದಿರಲಿಲ್ಲ. ಪುರಸೈವಾಕ್ಕಂ ಬಡಾವಣೆಯ ಒಂದು ಸ್ಕ್ಯಾನ್ ಸೆಂಟರಿನ ಆಪರೇಟರ್ ಹೆಂಗಸು ಅದನ್ನು ಇದ್ದ ಹಾಗೇ ಟೈಪ್ ಮಾಡಿದಳು. ಅವರಲ್ಲಿ ನಿಜವಾಗಿಯೂ ಆ ಹೆಸರಿನ ಫೋಲ್ಡರಿತ್ತು. ರೋಗಿಗಳ ಸ್ಕ್ಯಾನುಗಳೆಲ್ಲ ಹೋದವು. ಅವಳನ್ನು ಕೆಲಸದಿಂದ ತೆಗೆಯುತ್ತೇವೆ ಎಂದರು ಸೆಂಟರಿನವರು.

"ವಿಡುಂಗ ಮೇಡಂ, ಬಿಟ್ಬಿಡಿ, ಯೂಸರ್ ಮಿಸ್ಟೇಕ್," ಎಂದು, ಮೇಡಂ ರಜದಿಂದ ಮರಳಿದ ದಿನದ ಮೀಟಿಂಗಿನಲ್ಲಿ ಮ್ಯಾನೇಜರ್ ಕೈ ಕೊಡವಿದರು. ಆ ಮಾತು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಮೇಡಂ ನನ್ನ ಹಾಳೆಯನ್ನು ಮೇಜಿನ ಮೇಲಿಟ್ಟು, ಆ ಸಾಲಿನ ಮೇಲೆ ಬೆರಳೂರಿ, ಶುದ್ಧ ತಮಿಳಿನಲ್ಲಿ ಕೇಳಿದರು: ನಾವು ಹೇಳಿದ್ದನ್ನೇ ಅವಳು ಮಾಡಿದ್ದಾಳೆ, ನಮ್ಮನ್ನು ನಂಬಿದ್ದು ಅವಳ ತಪ್ಪೇ? ಬರೆದವನು ನಾನು ಪಕ್ಕದಲ್ಲೇ ಕೂತು ತುಟಿ ಪಿಟಕ್ಕೆನ್ನಲಿಲ್ಲ.

ತಪ್ಪು ಕೈಪಿಡಿಯದು, ಹೊಣೆ ಮುಖ್ಯಸ್ಥೆಯಾದ ನನ್ನದು ಎಂದು ಅವರು ಅಂದೇ ಸೆಂಟರಿಗೆ ಪತ್ರ ಬರೆದು ಸಹಿ ಹಾಕಿದರು. ಆ ಹೆಂಗಸಿನ ಕೆಲಸ ಉಳಿಯಿತು. ಮೇಡಂ ಕೆಲಸ ಉಳಿಯಲಿಲ್ಲ. ಕಂಪನಿಯ ಮಾನ ಕಳೆದರಂತೆ! ರಜದಲ್ಲಿದ್ದವರನ್ನು ಹೊಣೆ ಮಾಡಿ ಮನೆಗೆ ಕಳಿಸಿದರು, ಕಾಯಲಾರದವರು ಕುರ್ಚಿಯಲ್ಲೇ ಕೂತರು.

ಹೊರಡುವ ದಿನವೂ ಅವರು ನನ್ನನ್ನು ಬೈಯಲಿಲ್ಲ. "ಅಳಿಸೋ ಕಮಾಂಡಿಗೆ ಮುಂಚೆ, ಏನೇನು ಅಳಿಯುತ್ತೆ ಅಂತ ತೋರ್ಸೋ ಕಮಾಂಡ್ ಹಾಕು. ಉದಾಹರಣೆಗೆ ಎಲ್ಲೂ ಇರದ ಹೆಸರು ಇಡು. ಸರಿಯಾಪ್ಪಾ?" ಎಂದರು.

ಹೋದ ತಿಂಗಳು ಮೇಡಂ ತೀರಿಕೊಂಡರು. ಅದೇ ಮ್ಯಾನೇಜರ್ ಆಫೀಸಿಗೆಲ್ಲ ಮೇಲ್ ಕಳಿಸಿದರು: ಒಳ್ಳೆಯವರು, ಸಣ್ಣಪುಟ್ಟದ್ದಕ್ಕೆ ಹಟ ಹಿಡಿಯುತ್ತಿದ್ದರು ಅಷ್ಟೇ. ಸಣ್ಣಪುಟ್ಟದ್ದಂತೆ! ನಾನು ಎರಡು ಸಾಲು ಬರೆದು, ಪ್ರಿಂಟ್ ತೆಗೆದು, ಬೆರಳಿಟ್ಟು ಓದಿ, ಎಲ್ಲರಿಗೂ ಉತ್ತರ ಕಳಿಸಿದೆ: "ಸ್ಕ್ಯಾನುಗಳನ್ನು ಅಳಿಸಿದ ಆ ಉದಾಹರಣೆ ಬರೆದದ್ದು ನಾನು. ಅಂದು ಹೊರಗೆ ಹೋಗಬೇಕಿದ್ದವನೂ ನಾನೇ."